ಗಣಕದ ಬಾಗಿಲು ತೆರೆದ ಜಾನ್ ಕೆಮೆನಿ

ಬೀದರ ಜಿಲ್ಲೆಯ ಬಸವಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿ ಮೆರೆದ ನಗರ. ಅರಸರ ವೈಭವವೆಲ್ಲ ಕಾಲನ ಹೊಡೆತಕ್ಕೆ ಸಿಕ್ಕಿ ಅಳಿದುಹೋಯಿತು. ಆದರೆ ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆರೆದಿದ್ದ ಶರಣರ ನೆನಪು ಮಾತ್ರ ಮಾಸಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆಯನ್ನು ಮಡಿಮಾಡುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಮೊದಲಾದ ಕಾಯಕಜೀವಿಗಳು ಬಸವಣ್ಣ, ಅಲ್ಲಮಪ್ರಭುಗಳೊಡನೆ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತು ತತ್ತ್ವವಿಚಾರ ಮಾಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅವರು ತಮ್ಮ ಅನುಭವವನ್ನು ನುಡಿದುದು ಪಂಡಿತರ ಸಂಸ್ಕೃತದಲ್ಲಿ ಅಲ್ಲ, ಬೀದಿಯಲ್ಲಿ, ಹೊಲದಲ್ಲಿ, ಅಡಿಗೆಮನೆಯಲ್ಲಿ ಜನರು ಆಡುತ್ತಿದ್ದ ಕನ್ನಡದಲ್ಲಿ.

ಜ್ಞಾನದ ಬಾಗಿಲನ್ನು ಮುಚ್ಚುವ ಬಗೆ ಎರಡು. ಒಳಗೆ ಬರಕೂಡದೆಂದು ತಡೆಯುವುದು ಒಂದು. ಒಳಗೆ ಬಂದವನಿಗೆ ತಿಳಿಯದ ಮಾತಿನಲ್ಲಿ ಮಾತನಾಡುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುವ ಅಗುಳಿ. ಎರಡನೆಯದು ಕಾಣದ ಅಗುಳಿ. ಕಲ್ಯಾಣದ ಶರಣರು ಈ ಎರಡು ಅಗುಳಿಗಳನ್ನೂ ತೆಗೆದರು. ಅವರ ಕಾಲಕ್ಕೆ ಎಂಟುನೂರು ವರ್ಷಗಳ ತರುವಾಯ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ತೀರ ಬೇರೆಯಾದ ಒಂದು ಕ್ಷೇತ್ರದಲ್ಲಿ ಇಂತಹುದೇ ಕೆಲಸವನ್ನು ಮಾಡಿದ ಒಬ್ಬ ಗಣಿತದ ಅಧ್ಯಾಪಕರಿದ್ದರು. ಅವರ ಹೆಸರು ಜಾನ್ ಕೆಮೆನಿ. ಗಣಕಯಂತ್ರವೆಂಬ ಹೊಸ ಸಾಧನವು ಕೆಲವೇ ಮಂದಿ ತಜ್ಞರ ಸೊತ್ತಾಗಿದ್ದಾಗ ಅದನ್ನು ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟುಕುವಂತೆ ಮಾಡಿದವರಲ್ಲಿ ಅವರು ಅಗ್ರಗಣ್ಯರು.

ಕೆಮೆನಿಯವರು 1926ನೆಯ ಇಸವಿ ಮೇ 31ರಂದು ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಅವರದು ಯೆಹೂದಿ ಮನೆತನ, ತಂದೆ ವ್ಯಾಪಾರಿ. ಹಂಗೇರಿಯ ಭಾಷೆಯಲ್ಲಿ ಅವರ ಹೆಸರು ಯಾನೋಶ್. ಬಾಲಕನಿಗೆ ಗಣಿತವೆಂದರೆ ಪ್ರೀತಿ. ಆದರೆ ಅವನು ಬೆಳೆಯುತ್ತಿದ್ದ ಕಾಲ ಒಳ್ಳೆಯದಾಗಿರಲಿಲ್ಲ. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯೆಹೂದಿಗಳನ್ನು ಹಿಂಸಿಸತೊಡಗಿದ್ದನು. 1938ರಲ್ಲಿ ಅವನ ಸೇನೆ ಆಸ್ಟ್ರಿಯಾ ದೇಶವನ್ನು ನುಂಗಿದಾಗ ಆಪತ್ತು ಹಂಗೇರಿಯ ಬಾಗಿಲಿಗೆ ಬಂದು ನಿಂತಿತು. ಮುಂದಾಗುವುದನ್ನು ಊಹಿಸಿದ ತಂದೆ ತಾವೊಬ್ಬರೇ ಅಮೆರಿಕಕ್ಕೆ ತೆರಳಿ, ಅಲ್ಲಿ ಬದುಕಿಗೊಂದು ನೆಲೆ ಕಂಡುಕೊಂಡು, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ವೃದ್ಧನಾದ ಅಜ್ಜನು ಹುಟ್ಟಿದ ಊರನ್ನು ಬಿಟ್ಟುಬರಲು ಒಪ್ಪಲಿಲ್ಲ. ಅಲ್ಲಿಯೇ ಉಳಿದ ಆತನೂ ಹತ್ತಿರದ ಬಂಧುಗಳಲ್ಲಿ ಕೆಲವರೂ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರು.

ನ್ಯೂಯಾರ್ಕ್ ನಗರಕ್ಕೆ ಬಂದಿಳಿದಾಗ ಯಾನೋಶನಿಗೆ ಹದಿಮೂರು ವರ್ಷ. ಅವನಿಗೆ ಇಂಗ್ಲಿಷ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಪರಊರಿನ ಶಾಲೆಯಲ್ಲಿ, ಪರಭಾಷೆಯ ನಡುವೆ, ಮನಸ್ಸಿನಲ್ಲಿ ಇರುವುದನ್ನು ಹೇಳಲಾರದೆ ಕುಳಿತಿರುವ ಹುಡುಗನ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಯಾನೋಶನು ಎದೆಗುಂದಲಿಲ್ಲ. ಜಾನ್ ಎಂಬ ಹೊಸ ಹೆಸರಿನೊಡನೆ ಹೊಸ ಭಾಷೆಯನ್ನೂ ವಶಮಾಡಿಕೊಂಡು ಮೂರೇ ವರ್ಷಗಳಲ್ಲಿ, ಎಂದರೆ 1943ರಲ್ಲಿ, ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿ ತನ್ನ ತಂಡಕ್ಕೇ ಮೊದಲಿಗನಾಗಿ ಉತ್ತೀರ್ಣನಾದನು. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವನ್ನು ಸೇರಿ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ವ್ಯಾಸಂಗ ಮಾಡತೊಡಗಿದನು.

ಅದು ಎರಡನೆಯ ಮಹಾಯುದ್ಧದ ಕಾಲ. ಯುವಕ ಕೆಮೆನಿಗೆ ಸೇನೆಯಿಂದ ಕರೆ ಬಂದಿತು. ಅವರ ಗಣಿತಜ್ಞಾನವನ್ನು ಅರಿತ ಅಧಿಕಾರಿಗಳು 1945ರಲ್ಲಿ ಅವರನ್ನು ಲಾಸ್ ಅಲಮೋಸ್ ಎಂಬ ಗುಪ್ತ ಸ್ಥಳಕ್ಕೆ ಕಳುಹಿಸಿದರು. ಪರಮಾಣು ಬಾಂಬು ಸಿದ್ಧವಾಗುತ್ತಿದ್ದುದು ಅಲ್ಲಿಯೇ. ಕೆಮೆನಿಯವರು ಕೆಲಸ ಮಾಡಿದ ಲೆಕ್ಕದ ವಿಭಾಗಕ್ಕೆ ರಿಚರ್ಡ್ ಫೈನ್‌ಮನ್ ಎಂಬ ತರುಣ ವಿಜ್ಞಾನಿ ಮುಖ್ಯಸ್ಥರಾಗಿದ್ದರು. ಅಂದಿಗೆ ಇಂದಿನ ಬಗೆಯ ಗಣಕಗಳಿರಲಿಲ್ಲ. ಕೊಠಡಿಯ ತುಂಬ ಲೆಕ್ಕದ ಯಂತ್ರಗಳು. ಅವುಗಳಿಗೆ ಉಣಿಸಲು ತೂತು ಕೊರೆದ ಕಾರ್ಡುಗಳ ಕಟ್ಟುಗಳು. ಹಗಲಿರುಳೆನ್ನದೆ ಮೂರು ಪಾಳಿಗಳಲ್ಲಿ ಜನರು ದುಡಿದರೂ ಒಂದೇ ಒಂದು ಸಮೀಕರಣದ ಉತ್ತರ ದೊರೆಯಲು ವಾರಗಳು ಹಿಡಿಯುತ್ತಿದ್ದವು.

ಲಾಸ್ ಅಲಮೋಸಿನಲ್ಲಿಯೇ ಒಂದು ದಿನ ಜಾನ್ ಫಾನ್ ನಾಯ್‌ಮನ್ ಎಂಬ ಮಹಾಗಣಿತಜ್ಞರು ಉಪನ್ಯಾಸವೊಂದನ್ನು ಕೊಟ್ಟರು. ಅವರೂ ಬುಡಾಪೆಸ್ಟಿನವರೇ. ಮುಂದೆ ಬರಲಿರುವ ಯಂತ್ರವೊಂದನ್ನು ಅವರು ಆ ದಿನ ವರ್ಣಿಸಿದರು. ಅದು ವಿದ್ಯುತ್ತಿನ ವೇಗದಲ್ಲಿ ಲೆಕ್ಕ ಮಾಡುವುದು. ತಾನು ಮಾಡಬೇಕಾದ ಕೆಲಸದ ವಿಧಿಯನ್ನೂ ತನ್ನ ನೆನಪಿನಲ್ಲಿಯೇ ಇಟ್ಟುಕೊಳ್ಳುವುದು. ಅದು ಅಂದು ಕನಸಿನಂತಹ ಮಾತು. ಆ ಕನಸು ಕೆಮೆನಿಯವರ ಮನಸ್ಸಿನಲ್ಲಿ ಬೇರೂರಿತು. ಅದರೊಡನೆ ಇನ್ನೊಂದು ನೆನಪೂ ಅವರಲ್ಲಿ ಉಳಿಯಿತು. ಮನುಷ್ಯನ ಬುದ್ಧಿ ಮತ್ತು ಯಂತ್ರದ ಶಕ್ತಿ ಕೂಡಿದರೆ ಒಂದು ನಗರವೇ ನಿಮಿಷದಲ್ಲಿ ನಾಶವಾಗಬಹುದೆಂಬುದನ್ನು 1945ರ ಆಗಸ್ಟಿನಲ್ಲಿ ಹಿರೋಷಿಮಾ ಮತ್ತು ನಾಗಸಾಕಿ ಲೋಕಕ್ಕೆ ತೋರಿಸಿಕೊಟ್ಟವು.

ಯುದ್ಧ ಮುಗಿದ ಮೇಲೆ ಕೆಮೆನಿ ಪ್ರಿನ್ಸ್‌ಟನ್ನಿಗೆ ಮರಳಿದರು. ತರ್ಕಶಾಸ್ತ್ರದ ಪ್ರಕಾಂಡ ವಿದ್ವಾಂಸರಾದ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿ, 1949ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಆ ದಿನಗಳಲ್ಲಿಯೇ ಅವರಿಗೆ ಒಂದು ಅಪೂರ್ವ ಅವಕಾಶ ಒದಗಿತು. ಜಗದ್ವಿಖ್ಯಾತ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರು ತಮ್ಮ ಏಕೀಕೃತ ಕ್ಷೇತ್ರ ಸಿದ್ಧಾಂತದ ಗಣಿತದಲ್ಲಿ ನೆರವಾಗಲು ಅವರನ್ನು ಸಹಾಯಕರನ್ನಾಗಿ ಆರಿಸಿಕೊಂಡರು. ಲೋಕವೇ ಕೊಂಡಾಡುವ ಆ ಹಿರಿಯರು ಇನ್ನೂ ಪದವಿ ಮುಗಿಸದ ತರುಣನೊಡನೆ ಕುಳಿತು ತಮ್ಮ ಲೆಕ್ಕದ ತಪ್ಪುಒಪ್ಪುಗಳನ್ನು ಚರ್ಚಿಸುತ್ತಿದ್ದರು.

1953ರಲ್ಲಿ ಕೆಮೆನಿಯವರು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿರುವ ಡಾರ್ಟ್‌ಮತ್ ಕಾಲೇಜಿಗೆ ಗಣಿತದ ಪ್ರಾಧ್ಯಾಪಕರಾಗಿ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಎರಡು ವರ್ಷಗಳಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಉತ್ಸಾಹಿಗಳಾದ ತರುಣ ಅಧ್ಯಾಪಕರನ್ನು ಒಂದುಗೂಡಿಸಿ ವಿಭಾಗಕ್ಕೆ ಹೊಸ ಜೀವ ತುಂಬಿದರು. 1956ರಲ್ಲಿ ಹಾಗೆ ಬಂದು ಸೇರಿದವರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಥಾಮಸ್ ಕರ್ಟ್ಸ್ ಒಬ್ಬರು. ಕೆಮೆನಿ ಚುರುಕು ಮಾತಿನ, ಬೇಗನೆ ನಿರ್ಧಾರ ಕೈಗೊಳ್ಳುವ ಸ್ವಭಾವದವರು. ಕರ್ಟ್ಸ್ ಮೃದುಭಾಷಿಗಳು, ತಾಳ್ಮೆಯ ಮೂರ್ತಿ. ಈ ಇಬ್ಬರ ಸ್ನೇಹವು ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅಳಿಯದೆ ಉಳಿಯಿತು.

ಆ ಕಾಲಕ್ಕೆ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಕಯಂತ್ರವಿರಲಿಲ್ಲ. ಇನ್ನೂರು ಕಿಲೋಮೀಟರಿಗೂ ದೂರದ, ಎಂದರೆ ನಮ್ಮ ಹುಮನಾಬಾದಿನಿಂದ ಹೈದರಾಬಾದಿಗಿಂತಲೂ ದೂರದ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಒಂದು ದೊಡ್ಡ ಗಣಕವಿದ್ದಿತು. ಕರ್ಟ್ಸರು ಕಾರ್ಡುಗಳ ಪೆಟ್ಟಿಗೆಯನ್ನು ಹೊತ್ತು ಮುಂಜಾವದ ರೈಲನ್ನು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಕಾರ್ಡುಗಳನ್ನು ಗಣಕದ ಕೆಲಸಗಾರರ ಕೈಗೆ ಒಪ್ಪಿಸಿ ಉತ್ತರಕ್ಕಾಗಿ ಕಾಯಬೇಕು. ಎಲ್ಲಿಯೋ ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲಿಗೆ ತಪ್ಪಿನ ಸೂಚನೆ ದೊರೆಯುತ್ತಿತ್ತು. ಅದನ್ನು ತಿದ್ದಿ ಮತ್ತೆ ಸರದಿಯಲ್ಲಿ ನಿಲ್ಲಬೇಕು. ಯಂತ್ರವು ಮಿಂಚಿನ ವೇಗದ್ದು. ಆದರೆ ಅದನ್ನು ಮುಟ್ಟುವ ದಾರಿ ಎತ್ತಿನ ಬಂಡಿಯದು.

ಯಂತ್ರವು ಹತ್ತಿರದಲ್ಲಿಯೇ ಇದ್ದರೂ ಅದರೊಡನೆ ವ್ಯವಹರಿಸುವುದು ಸುಲಭವಾಗಿರಲಿಲ್ಲ. ಗಣಕಕ್ಕೆ ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಬರೆದುಕೊಡುವ ಸೂಚನೆಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎಂದು ಹೆಸರು. ಫೋರ್‌ಟ್ರಾನ್ ಮೊದಲಾದ ಭಾಷೆಗಳು ಆಗ ಬಳಕೆಯಲ್ಲಿದ್ದವು. ಅವು ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ತಕ್ಕವಾಗಿದ್ದವು. ಹೊಸಬನಿಗೆ ಅವುಗಳ ಕಟ್ಟಳೆಗಳು ಕಬ್ಬಿಣದ ಕಡಲೆಗಳಾಗಿದ್ದವು. ಹೀಗೆ ಗಣಕದ ಬಾಗಿಲಿಗೆ ಎರಡು ಅಗುಳಿಗಳೂ ಬಿದ್ದಿದ್ದವು. ಹತ್ತಿರ ಹೋಗುವಂತಿರಲಿಲ್ಲ, ಹೋದರೂ ಮಾತನಾಡಲು ಬರುತ್ತಿರಲಿಲ್ಲ.

ಕೆಮೆನಿಯವರು ಇದನ್ನು ಕುರಿತು ಬೇರೊಂದು ಬಗೆಯಲ್ಲಿ ಆಲೋಚಿಸಿದರು. ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳುತ್ತಿದ್ದವರು ಸುಮಾರು ಕಾಲುಭಾಗ ಮಾತ್ರ. ಉಳಿದವರು ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ ಮೊದಲಾದವುಗಳನ್ನು ಓದುವವರು. ಮುಂದೆ ನ್ಯಾಯಾಧೀಶರು, ಶಾಸಕರು, ಆಡಳಿತಗಾರರು, ವ್ಯಾಪಾರಸಂಸ್ಥೆಗಳ ಮುಖ್ಯಸ್ಥರು ಆಗಿ ನಾಡಿನ ಬಾಳನ್ನು ನಿರ್ಧರಿಸುವವರು ಹೆಚ್ಚಾಗಿ ಇವರೇ. ನಾಳಿನ ಲೋಕವನ್ನು ಗಣಕವು ಬದಲಿಸುವುದು ನಿಶ್ಚಯವಾದರೆ, ಆ ಯಂತ್ರದ ಶಕ್ತಿಯೇನು, ಮಿತಿಯೇನು ಎಂಬುದನ್ನು ಅರಿಯದವರ ಕೈಯಲ್ಲಿ ನಿರ್ಧಾರವನ್ನು ಬಿಡುವುದು ಹೇಗೆ? ಕುರುಡು ಭಯದಿಂದ ಅದನ್ನು ದೂಡುವವರೂ ಕುರುಡು ಭಕ್ತಿಯಿಂದ ಅದಕ್ಕೆ ಶರಣಾಗುವವರೂ ಸಮಾಜಕ್ಕೆ ಸಮಾನವಾಗಿ ಅಪಾಯಕಾರಿಗಳು. ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ, ಅವನ ವಿಷಯ ಯಾವುದೇ ಇರಲಿ, ಗಣಕವನ್ನು ತನ್ನ ಕೈಯಿಂದ ಬಳಸಿ ನೋಡಬೇಕೆಂದು ಕೆಮೆನಿ ಮತ್ತು ಕರ್ಟ್ಸ್ ನಿಶ್ಚಯಿಸಿದರು.

ಸಂಕಲ್ಪ ದೊಡ್ಡದು, ಆದರೆ ಇದ್ದ ಯಂತ್ರ ಒಂದು, ವಿದ್ಯಾರ್ಥಿಗಳು ಸಾವಿರಾರು ಮಂದಿ. ಇದಕ್ಕೆ ಅವರು ಆರಿಸಿಕೊಂಡ ಉಪಾಯವೆಂದರೆ ಕಾಲಹಂಚಿಕೆ. ಹಳ್ಳಿಯ ಏಕೋಪಾಧ್ಯಾಯ ಶಾಲೆಯನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಒಬ್ಬರೇ ಗುರುಗಳು. ಅವರು ಒಂದನೆಯ ತರಗತಿಗೆ ಅಕ್ಷರ ತಿದ್ದಲು ಹೇಳಿ, ಎರಡನೆಯ ತರಗತಿಗೆ ಮಗ್ಗಿ ಕೊಟ್ಟು, ಮೂರನೆಯ ತರಗತಿಯ ಲೆಕ್ಕವನ್ನು ನೋಡಿ, ಮತ್ತೆ ಒಂದನೆಯ ತರಗತಿಗೆ ಬರುತ್ತಾರೆ. ಪ್ರತಿ ಮಗುವಿಗೂ ಗುರುಗಳು ತನ್ನವರೇ ಎಂಬ ಭಾವನೆ. ಗಣಕವು ಇದನ್ನೇ ಕ್ಷಣಾರ್ಧದಲ್ಲಿ ಮಾಡಬಲ್ಲದು. ಒಬ್ಬನ ಕೆಲಸವನ್ನು ತುಸು ಮಾಡಿ ಇನ್ನೊಬ್ಬನ ಕೆಲಸಕ್ಕೆ ಹೊರಳಿ, ಸರದಿ ಸುತ್ತಿ ಮತ್ತೆ ಮೊದಲನೆಯವನಲ್ಲಿಗೆ ಬರುವಷ್ಟರಲ್ಲಿ ಅವನು ಇನ್ನೂ ಒಂದು ಸಾಲನ್ನೂ ಬರೆದಿರುವುದಿಲ್ಲ.

ಈ ಯೋಜನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವನ್ನು ಕೋರಿದಾಗ ಕೆಲವು ಪರಿಣತರು ಸಂದೇಹಪಟ್ಟರು. ಏಕೆಂದರೆ ಇಂತಹ ಜಟಿಲವಾದ ವ್ಯವಸ್ಥೆಯನ್ನು ಕಟ್ಟುವ ಕೆಲಸದಲ್ಲಿ ಕೆಮೆನಿ ಮತ್ತು ಕರ್ಟ್ಸರ ಕೈಕೆಳಗಿದ್ದವರು ಪದವಿಯನ್ನೂ ಮುಗಿಸದ ಕಾಲೇಜು ವಿದ್ಯಾರ್ಥಿಗಳು. ಕೆಮೆನಿಯವರಿಗೆ ಅವರಲ್ಲಿ ಪೂರ್ಣ ವಿಶ್ವಾಸವಿದ್ದಿತು. ಕೊನೆಗೆ ನೆರವು ದೊರೆಯಿತು. 1964ರ ಆರಂಭದಲ್ಲಿ ಯಂತ್ರಗಳೂ ಬಂದವು. ಅವುಗಳಲ್ಲಿ ಒಂದು ಲೆಕ್ಕ ಮಾಡುವುದು. ಇನ್ನೊಂದು ಬಳಕೆದಾರರ ಮಾತನ್ನು ಆಲಿಸಿ ಸರದಿ ಹಚ್ಚುವುದು. ವಿದ್ಯಾರ್ಥಿಗಳು ನಿದ್ದೆಗೆಟ್ಟು ದುಡಿದರು. 1964ನೆಯ ಇಸವಿ ಮೇ ತಿಂಗಳ ಮೊದಲನೆಯ ದಿನ, ಬೆಳಗಿನ ಜಾವ ನಾಲ್ಕು ಗಂಟೆಗೆ, ಕಾಲೇಜಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರಗಳ ಮುಂದೆ ಕುಳಿತು ಒಂದೇ ವೇಳೆಯಲ್ಲಿ ಎರಡು ಕ್ರಮವಿಧಿಗಳನ್ನು ಗಣಕಕ್ಕೆ ಒಪ್ಪಿಸಲಾಯಿತು. ಎರಡಕ್ಕೂ ಸರಿಯಾದ ಉತ್ತರಗಳು ಬಂದವು. ಬೇಸಿಕ್ ಎಂಬ ಗಣಕಭಾಷೆ ಹುಟ್ಟಿದುದು ಹೀಗೆ.

ಹೊಸದಾಗಿ ಕಲಿಯುವವರಿಗೆ ಎಲ್ಲ ಬಗೆಯ ಕೆಲಸಕ್ಕೂ ಒದಗುವ ಸಂಕೇತಭಾಷೆ ಎಂಬುದು ಆ ಹೆಸರಿನ ಭಾವಾರ್ಥ. ಭಾಷೆಯ ಮೊದಲ ಅನುವಾದಕ ಕ್ರಮವಿಧಿಯನ್ನು ಬರೆಯಲು ಹಿಂದಿನ ವರ್ಷವೇ ಕೆಮೆನಿಯವರು ಕೈಹಚ್ಚಿದ್ದರು. ಮೊದಲಲ್ಲಿ ಅದರ ಶಬ್ದಸಂಪತ್ತು ಸುಮಾರು ಹದಿನೈದು ಆಜ್ಞೆಗಳು ಮಾತ್ರ. ಬೆಲೆಯನ್ನು ಕೊಡಲು ಲೆಟ್, ಅಚ್ಚು ಮಾಡಲು ಪ್ರಿಂಟ್, ಷರತ್ತನ್ನು ಪರೀಕ್ಷಿಸಲು ಇಫ್, ಬೇರೊಂದು ಸಾಲಿಗೆ ಹೋಗಲು ಗೋಟು, ಕೆಲಸವನ್ನು ಪುನರಾವರ್ತಿಸಲು ಫಾರ್ ಮತ್ತು ನೆಕ್ಸ್ಟ್, ಮುಗಿಸಲು ಎಂಡ್. ಇವೆಲ್ಲ ಆ ನಾಡಿನ ಮಕ್ಕಳೂ ಬಲ್ಲ ಆಡುಮಾತುಗಳು. ಪೂರ್ಣಾಂಕವನ್ನು ಒಂದು ಬಗೆಯಾಗಿಯೂ ದಶಮಾಂಶವನ್ನು ಇನ್ನೊಂದು ಬಗೆಯಾಗಿಯೂ ಬರೆಯಬೇಕೆಂಬ ಕಟ್ಟಳೆಯಿಲ್ಲ. ಆ ತೊಡಕನ್ನು ಯಂತ್ರವೇ ನೋಡಿಕೊಳ್ಳುವುದು. ಮನುಷ್ಯನು ಯಂತ್ರದ ರೀತಿಗೆ ಬಾಗುವ ಬದಲು ಯಂತ್ರವು ಮನುಷ್ಯನ ರೀತಿಗೆ ಬಾಗಬೇಕೆಂಬುದು ಇದರ ತಿರುಳು.

ಪ್ರತಿಯೊಂದು ಸಾಲಿಗೂ ಒಂದು ಸಂಖ್ಯೆಯಿರುತ್ತಿತ್ತು. ಸಾಮಾನ್ಯವಾಗಿ 10, 20, 30 ಎಂದು ಹತ್ತುಹತ್ತಾಗಿ ಸಂಖ್ಯೆ ಕೊಡುವುದು ರೂಢಿ. ನಡುವೆ ಏನನ್ನಾದರೂ ಸೇರಿಸಬೇಕೆಂದು ಆಮೇಲೆ ತೋರಿದರೆ 15 ಎಂಬ ಸಂಖ್ಯೆಯೊಡನೆ ಹೊಸ ಸಾಲನ್ನು ಬರೆದರಾಯಿತು. ಅದು ತಾನಾಗಿ 10 ಮತ್ತು 20ರ ನಡುವೆ ಹೋಗಿ ನಿಲ್ಲುತ್ತಿತ್ತು. ಹದಿನೇಳರ ಮಗ್ಗಿ ಬೇಕೆಂದುಕೊಳ್ಳಿ. ಒಂದರಿಂದ ಹತ್ತರವರೆಗೆ ಎಣಿಸು ಎಂದು ಮೊದಲನೆಯ ಸಾಲು; ಆ ಎಣಿಕೆಯನ್ನು ಹದಿನೇಳರಿಂದ ಗುಣಿಸಿ ಅಚ್ಚುಮಾಡು ಎಂದು ಎರಡನೆಯದು; ಮುಂದಿನ ಎಣಿಕೆಗೆ ಹೋಗು ಎಂದು ಮೂರನೆಯದು; ಮುಗಿಸು ಎಂದು ನಾಲ್ಕನೆಯದು. ಬಳಿಕ ರನ್ ಎಂಬ ಒಂದು ಪದವನ್ನು ಒತ್ತಿದರೆ ಇಡೀ ಮಗ್ಗಿ ಕಾಗದದ ಮೇಲೆ ಮೂಡುತ್ತಿತ್ತು. ಬರೆಯುವುದು, ನಡೆಸಿ ನೋಡುವುದು, ತಪ್ಪನ್ನು ಕಾಣುವುದು, ಕೂಡಲೇ ತಿದ್ದುವುದು, ಕಾಪಿಡುವುದು ಎಲ್ಲವೂ ಒಂದೇ ಕಡೆ, ಕುಳಿತ ಜಾಗದಲ್ಲಿಯೇ. ತಪ್ಪು ಮಾಡಲು ಅಂಜಬೇಕಾಗಿರಲಿಲ್ಲ, ತಪ್ಪೇ ಗುರುವಾಗುತ್ತಿತ್ತು.

ಭಾಷೆ ಸುಲಭವಾದರೆ ಸಾಲದು, ಬಾಗಿಲೂ ತೆರೆದಿರಬೇಕು. ಗ್ರಂಥಾಲಯದ ಕಪಾಟುಗಳು ಹೇಗೆ ಎಲ್ಲರಿಗೂ ತೆರೆದಿರುತ್ತವೆಯೋ ಹಾಗೆಯೇ ಗಣಕವೂ ಇರಬೇಕೆಂಬುದು ಕೆಮೆನಿಯವರ ನಿಲುವಾಗಿತ್ತು. ಪುಸ್ತಕವನ್ನು ಏಕೆ ತೆಗೆದುಕೊಂಡೆ ಎಂದು ಗ್ರಂಥಾಲಯದಲ್ಲಿ ಯಾರೂ ಕೇಳುವುದಿಲ್ಲ. ಅದರಂತೆ ಡಾರ್ಟ್‌ಮತ್ತಿನ ವಿದ್ಯಾರ್ಥಿಗಳು ಹಣ ತೆರದೆ, ಅನುಮತಿ ಬೇಡದೆ ಗಣಕವನ್ನು ಬಳಸಬಹುದಾಗಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹೆಚ್ಚುಪಾಲು ವಿದ್ಯಾರ್ಥಿಗಳು ಕ್ರಮವಿಧಿ ಬರೆಯಲು ಕಲಿತರು. ದೂರವಾಣಿಯ ತಂತಿಗಳ ಮೂಲಕ ಸುತ್ತಲಿನ ಹಲವು ಪ್ರೌಢಶಾಲೆಗಳ ಮಕ್ಕಳಿಗೂ ಆ ಯಂತ್ರ ಒದಗಿತು. ಬೇಸಿಕ್ ಭಾಷೆಯನ್ನು ಬಳಸಬಯಸಿದ ಇತರರಿಂದ ಅದರ ನಿರ್ಮಾಪಕರು ಶುಲ್ಕವನ್ನು ಕೇಳಲಿಲ್ಲ. ಲಾಸ್ ಅಲಮೋಸಿನಲ್ಲಿ ಕೊಠಡಿ ತುಂಬ ಜನರು ಹಗಲಿರುಳು ವಾರಗಟ್ಟಲೆ ದುಡಿದು ಪಡೆದ ಉತ್ತರಗಳನ್ನು 1970ರ ಹೊತ್ತಿಗೆ ಡಾರ್ಟ್‌ಮತ್ತಿನ ಒಬ್ಬ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಪಡೆಯಬಹುದಾಗಿತ್ತು.

1970ರಲ್ಲಿ ಕೆಮೆನಿಯವರು ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾದರು. ಬಾಗಿಲು ತೆರೆಯುವ ಅವರ ಕೆಲಸ ಗಣಕದ ಕೊಠಡಿಗಷ್ಟೇ ನಿಲ್ಲಲಿಲ್ಲ. 1769ರಲ್ಲಿ ಸ್ಥಾಪಿತವಾದ ಆ ಕಾಲೇಜು ಇನ್ನೂರು ವರ್ಷಗಳಿಂದ ಗಂಡುಮಕ್ಕಳಿಗೆ ಮೀಸಲಾಗಿದ್ದಿತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ವಿರೋಧಿಸಿದರೂ ಎದೆಗುಂದದೆ, ಅವರ ಕಾಲದಲ್ಲಿ, 1972ರಲ್ಲಿ, ಕಾಲೇಜು ಹೆಣ್ಣುಮಕ್ಕಳನ್ನು ಪದವಿ ವ್ಯಾಸಂಗಕ್ಕೆ ಸೇರಿಸಿಕೊಂಡಿತು. ಅಮೆರಿಕದ ಮೂಲನಿವಾಸಿಗಳಿಗೆ ವಿದ್ಯೆ ನೀಡುವುದಾಗಿ ಆ ಕಾಲೇಜಿನ ಸ್ಥಾಪನಾ ಸನ್ನದಿನಲ್ಲಿಯೇ ಬರೆದಿತ್ತು. ಆದರೆ ಎರಡು ಶತಮಾನಗಳಲ್ಲಿ ಅಲ್ಲಿ ಪದವಿ ಪಡೆದ ಮೂಲನಿವಾಸಿಗಳು ತೀರ ಕೆಲವರು. ಮರೆತುಹೋದ ಆ ಮಾತನ್ನು ಕೆಮೆನಿಯವರು ನೆನಪಿಗೆ ತಂದು, ಆ ಜನಾಂಗಗಳ ಮಕ್ಕಳನ್ನು ಕರೆತಂದು ಓದಿಸುವ ವ್ಯವಸ್ಥೆಯನ್ನು ಮಾಡಿದರು. ಇಷ್ಟು ದೊಡ್ಡ ಹೊಣೆಯನ್ನು ಹೊತ್ತಿದ್ದಾಗಲೂ ಅವರು ತರಗತಿಯಲ್ಲಿ ಪಾಠ ಹೇಳುವುದನ್ನು ಬಿಡಲಿಲ್ಲ.

ಈ ನಡುವೆ ಗಣಕಗಳ ಗಾತ್ರ ಕುಗ್ಗುತ್ತ ಬಂದಿತು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಯಂತ್ರ ಮಾರಾಟಕ್ಕೆ ಬಂದಾಗ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಎಂಬ ತರುಣರು ಅದಕ್ಕೆ ಒಪ್ಪುವ ಬೇಸಿಕ್ಕನ್ನು ಬರೆದರು. 1977ರಲ್ಲಿ ಆಪಲ್ 2, ಕಮಡೋರ್ ಪೆಟ್, ಟಿಆರ್‌ಎಸ್-80 ಎಂಬ ವೈಯಕ್ತಿಕ ಗಣಕಗಳು ಬಂದವು. ಇಂತಹ ಯಂತ್ರಗಳ ಗುಂಡಿಯನ್ನು ಒತ್ತಿದೊಡನೆ ಪರದೆಯ ಮೇಲೆ ಬೇಸಿಕ್ ಸಿದ್ಧವಾಗಿ ಆಜ್ಞೆಗಾಗಿ ಕಾದು ನಿಲ್ಲುತ್ತಿತ್ತು. ಲಕ್ಷಾಂತರ ಮನೆಗಳಲ್ಲಿ ಮಕ್ಕಳು ಪತ್ರಿಕೆಗಳಲ್ಲಿ ಅಚ್ಚಾದ ಕ್ರಮವಿಧಿಗಳನ್ನು ಸಾಲುಸಾಲಾಗಿ ಒತ್ತಿ ನೋಡಿ ಕಲಿತರು. ನಮ್ಮ ದೇಶದಲ್ಲಿಯೂ 1984-85ರಲ್ಲಿ ಕ್ಲಾಸ್ ಎಂಬ ಸರಕಾರಿ ಯೋಜನೆಯ ಮೂಲಕ ಬಿಬಿಸಿ ಮೈಕ್ರೊ ಎಂಬ ಗಣಕಗಳು ಶಾಲೆಗಳಿಗೆ ಬಂದವು. ಅವುಗಳಲ್ಲಿ ಅಡಕವಾಗಿದ್ದುದೂ ಬೇಸಿಕ್ ಭಾಷೆಯೇ. ಗಣಕವನ್ನು ಹಿಂದೆಂದೂ ಕಂಡಿರದ ನಮ್ಮ ಶಾಲೆಯ ಮಕ್ಕಳಿಗೂ ಅದರೊಡನೆ ಆಡಲು ಮೊದಲ ಮಾತು ದೊರೆತುದು ಡಾರ್ಟ್‌ಮತ್ತಿನ ಆ ನೆಲಮಾಳಿಗೆಯ ಪ್ರಯತ್ನದಿಂದ.

ಎಲ್ಲರಿಗೂ ಕೊಟ್ಟ ವಸ್ತು ಎಲ್ಲರ ಕೈಯಲ್ಲಿಯೂ ಒಂದೇ ರೂಪದಲ್ಲಿ ಉಳಿಯುವುದಿಲ್ಲ. ಪುಟ್ಟ ಗಣಕಗಳ ನೆನಪಿನ ಶಕ್ತಿ ಅಲ್ಪ. ಅವುಗಳಲ್ಲಿ ಹಿಡಿಸಲೆಂದು ತಯಾರಕರು ಬೇಸಿಕ್ಕನ್ನು ತಮಗೆ ತೋಚಿದಂತೆ ಕತ್ತರಿಸಿದರು, ತೇಪೆ ಹಚ್ಚಿದರು. ಒಂದು ಯಂತ್ರದ ಕ್ರಮವಿಧಿ ಇನ್ನೊಂದರಲ್ಲಿ ನಡೆಯದಾಯಿತು. ಕಂಡಲ್ಲಿ ಗೋಟು ಬಳಸಿ ಬರೆದ ಕ್ರಮವಿಧಿಗಳು ಸಿಕ್ಕುಬಿದ್ದ ನೂಲಿನಂತಾದವು. ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಹೆಸರಾಂತ ಗಣಕವಿಜ್ಞಾನಿ 1975ರಲ್ಲಿ ಬೇಸಿಕ್ ಕಲಿತವರಿಗೆ ಒಳ್ಳೆಯ ಕ್ರಮವಿಧಿ ಬರೆಯಲು ಕಲಿಸುವುದು ಅಸಾಧ್ಯವೆಂಬಷ್ಟು ಕಟುವಾಗಿ ಅದನ್ನು ಖಂಡಿಸಿದರು. ಈ ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ. ಡಾರ್ಟ್‌ಮತ್ತಿನಲ್ಲಿ ಬೇಸಿಕ್ ಅಷ್ಟು ಹೊತ್ತಿಗೆ ಬಹಳ ಸುಧಾರಿಸಿತ್ತು. ಆದರೆ ಲೋಕ ಕಂಡುದು ಅದರ ಮೊಟಕು ರೂಪಗಳನ್ನು. ಕೆಮೆನಿ ಮತ್ತು ಕರ್ಟ್ಸ್ ತಮ್ಮ ಭಾಷೆಗೆ ಒದಗಿದ ಈ ಗತಿಯನ್ನು ಕಂಡು ನೊಂದು ಸುಮ್ಮನಾಗಲಿಲ್ಲ. 1983ರಲ್ಲಿ ಸಣ್ಣ ಸಂಸ್ಥೆಯೊಂದನ್ನು ಕಟ್ಟಿ, ಸಾಲುಸಂಖ್ಯೆಯ ಹಂಗಿಲ್ಲದ, ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ನಡೆಯುವ ಟ್ರೂ ಬೇಸಿಕ್ ಎಂಬ ಶುದ್ಧರೂಪವನ್ನು ಹೊರತಂದರು. ಅದು ಒಳ್ಳೆಯ ಕೆಲಸವಾದರೂ ಅಷ್ಟರಲ್ಲಿ ಮಾರುಕಟ್ಟೆ ಬೇರೆ ದಾರಿ ಹಿಡಿದಿತ್ತು. ಮೊದಲಿನಂತೆ ಅದು ಹಬ್ಬಲಿಲ್ಲ.

ಕೆಮೆನಿಯವರ ಜೀವನದ ಇನ್ನೊಂದು ಮುಖ್ಯ ಘಟನೆಯನ್ನು ಇಲ್ಲಿ ಹೇಳಬೇಕು. 1979ನೆಯ ಇಸವಿ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತ್ರೀ ಮೈಲ್ ಐಲೆಂಡ್ ಎಂಬಲ್ಲಿಯ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಭಾರಿ ಅವಘಡ ಸಂಭವಿಸಿತು. ಅದರ ತನಿಖೆಗಾಗಿ ಅಧ್ಯಕ್ಷ ಜಿಮ್ಮಿ ಕಾರ್ಟರರು ನೇಮಿಸಿದ ಆಯೋಗಕ್ಕೆ ಕೆಮೆನಿಯವರೇ ಮುಖ್ಯಸ್ಥರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಅವಘಡ ಆರಂಭವಾದ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆಗಳೂ ದೀಪಗಳೂ ಒಮ್ಮೆಗೇ ಎದ್ದಿದ್ದವು. ಅವುಗಳಲ್ಲಿ ಮುಖ್ಯವಾದುದು ಯಾವುದು ಎಂಬುದು ಅಲ್ಲಿದ್ದ ಕೆಲಸಗಾರರಿಗೆ ತಿಳಿಯಲಿಲ್ಲ. ಕೆಲಸಗಾರರನ್ನು ಮಾತ್ರ ದೂರಿ ಕೈತೊಳೆದುಕೊಳ್ಳಲು ಆಯೋಗ ಒಪ್ಪಲಿಲ್ಲ. ಅವರಿಗೆ ತಕ್ಕ ತರಬೇತಿ ಕೊಡದವರು, ಯಂತ್ರವನ್ನು ಮನುಷ್ಯನಿಗೆ ಅರ್ಥವಾಗದಂತೆ ರೂಪಿಸಿದವರು, ಎಲ್ಲವೂ ಸುರಕ್ಷಿತವೆಂದು ನಂಬಿ ಮೈಮರೆತ ಮೇಲ್ವಿಚಾರಕರು, ಇವರೆಲ್ಲರ ಹೊಣೆಯನ್ನೂ ಅದು ನಿಷ್ಠುರವಾಗಿ ಎತ್ತಿಹೇಳಿತು. ಮೂವತ್ತನಾಲ್ಕು ವರ್ಷಗಳ ಹಿಂದೆ ಪರಮಾಣು ಶಕ್ತಿಯ ಲೆಕ್ಕಕ್ಕಾಗಿ ಕಾರ್ಡು ಉಣಿಸಿದ ತರುಣನೇ ಈಗ ಆ ಶಕ್ತಿಯನ್ನು ಕುರಿತು ಲೋಕವನ್ನು ಎಚ್ಚರಿಸಿದನು. ಯಂತ್ರವನ್ನು ಬಳಸುವವನಿಗೆ ಅದು ಅರ್ಥವಾಗಿರಬೇಕೆಂದು ಕೆಮೆನಿ ತರಗತಿಯಲ್ಲಿ ಕಲಿಸಿದ ಮಾತಿಗೂ ಈ ವರದಿಗೂ ದೂರವೇನಿಲ್ಲ.

1981ರಲ್ಲಿ ಅಧ್ಯಕ್ಷ ಪದವಿಯನ್ನು ತಾವಾಗಿಯೇ ಬಿಟ್ಟು ಕೆಮೆನಿಯವರು ಮತ್ತೆ ಪೂರ್ಣಕಾಲದ ಅಧ್ಯಾಪಕರಾದರು. ದೊಡ್ಡ ಗದ್ದುಗೆಯಿಂದ ಇಳಿದು ಸುಣ್ಣದ ಕಡ್ಡಿಯನ್ನು ಕೈಗೆ ತೆಗೆದುಕೊಳ್ಳುವುದು ಅವರಿಗೆ ಇಳಿತವಾಗಿ ತೋರಲಿಲ್ಲ. 1992ನೆಯ ಇಸವಿ ಡಿಸೆಂಬರ್ 26ರಂದು, ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ನಿಧನರಾದರು. ಜೊತೆಗಾರ ಕರ್ಟ್ಸರು ದೀರ್ಘಕಾಲ ಬಾಳಿ 2024ರ ನವೆಂಬರಿನಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೇಸಿಕ್ ಹುಟ್ಟಿದ ಹ್ಯಾನೋವರಿನಲ್ಲಿ ಅದರ ನೆನಪಿಗಾಗಿ ರಾಜ್ಯ ಸರಕಾರವು 2019ರಲ್ಲಿ ರಸ್ತೆಯ ಬದಿಗೆ ಒಂದು ಸ್ಮಾರಕ ಫಲಕವನ್ನು ನಿಲ್ಲಿಸಿತು. ಅರಸರ ಯುದ್ಧಗಳಿಗೂ ಮಹಾಪುರುಷರ ಜನ್ಮಸ್ಥಳಗಳಿಗೂ ನಿಲ್ಲಿಸುವಂತಹ ಫಲಕ ಇಲ್ಲಿ ಒಂದು ಗಣಕಭಾಷೆಗೆ ದೊರೆಯಿತು.

ಇಂದು ಗಣಕವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ. ಬಸವಕಲ್ಯಾಣದ ಅಂಗಡಿಯವನ ಕೈಯಲ್ಲಿಯೂ ಹುಮನಾಬಾದಿನ ರೈತನ ಕಿಸೆಯಲ್ಲಿಯೂ ಅದು ಇದೆ. ಆದರೆ ಗುಂಡಿಯನ್ನು ಒತ್ತಿದೊಡನೆ ಆಜ್ಞೆಗಾಗಿ ಕಾದು ನಿಲ್ಲುವ ಬೇಸಿಕ್ ಈಗ ಅದರಲ್ಲಿ ಇಲ್ಲ. ಯಂತ್ರವು ತಾನೇ ನಮಗೆ ಇದನ್ನು ನೋಡು, ಅದನ್ನು ಕೊಳ್ಳು ಎಂದು ಹೇಳುತ್ತದೆ. ನಾವು ಬೆರಳಿನಿಂದ ಸವರುತ್ತ ಹೋಗುತ್ತೇವೆ. ಕಾಣುವ ಅಗುಳಿ ಬಹುಮಟ್ಟಿಗೆ ತೆಗೆದಿದೆ. ಕಾಣದ ಅಗುಳಿ ಮತ್ತೆ ಬೀಳುತ್ತಿದೆಯೋ ಏನೋ ಎಂಬ ಸಂಶಯಕ್ಕೆ ಎಡೆಯಿದೆ. ಸಾಧನವು ಕೈಯಲ್ಲಿ ಇದ್ದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅದಕ್ಕೆ ನಮ್ಮ ಮಾತನ್ನು ಹೇಳಲು ಬಂದಾಗ ಅದು ನಮ್ಮದಾಗುತ್ತದೆ.

ಭಾಷೆ ಬಾರದ ನಾಡಿಗೆ ಬಂದಿಳಿದ ಹದಿಮೂರು ವರ್ಷದ ಹುಡುಗನೊಬ್ಬನು, ಮುಂದೆ ಕಲಿಯಲು ಬರುವ ಹೊಸಬರೆಲ್ಲರಿಗೂ ನಿಲುಕುವ ಒಂದು ಭಾಷೆಯನ್ನು ಕಟ್ಟಿಕೊಟ್ಟು ಹೋದನು. ಆ ಭಾಷೆ ಹಳೆಯದಾಯಿತು. ಅದರ ಸ್ಥಾನದಲ್ಲಿ ಹಲವು ಹೊಸ ಭಾಷೆಗಳು ಬಂದವು, ಇನ್ನೂ ಬರುತ್ತವೆ. ಅವುಗಳಲ್ಲಿ ಯಾವುದನ್ನಾದರೂ ಕಲಿಯಲು ಹೊರಟ ವಿದ್ಯಾರ್ಥಿಯು ತನ್ನ ಮೊದಲ ಕ್ರಮವಿಧಿಯನ್ನು ಬರೆದು, ತಪ್ಪು ಮಾಡಿ, ತಿದ್ದಿ, ಸರಿಯಾದ ಉತ್ತರವನ್ನು ಕಂಡು ಹಿಗ್ಗುವ ಗಳಿಗೆಯಲ್ಲಿ ಜಾನ್ ಕೆಮೆನಿಯವರ ಬಾಳು ಸಾರ್ಥಕವಾಗುತ್ತದೆ.